ಕಾಡಸಿದ್ದನ ಬಲಗಾಲ ಚಪ್ಪಲಿ

ಬೇಡಕಿಹಾಳ,
೨೨ ಏಪ್ರಿಲ್ ೨೦೨೫

ಚಿ. ಸೌ. ಭಾಗ್ಯಾಳಿಗೆ ನಿನ್ನ ಭಾವುಸಾಹೇಬ ಕಾಕಾನ ಆಶೀರ್ವಾದ.

ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡುವುದು ವಾಡಿಕೆ. ಊರು ಕ್ಷೇಮ. ನಮ್ಮ ಎಮ್ಮೆ ಕ್ಷೇಮ. ನಿನ್ನ ಮಂಗಲ ಕಾಕಿಯ ಮಂಡಿನೋವು ನಮ್ಮೆಲ್ಲರಿಗಿಂತ ಗಟ್ಟಿಮುಟ್ಟಾಗಿದೆ. ನಿನ್ನವ್ವ ಉಣ್ಣುತ್ತಾಳೆ, ಮಲಗುತ್ತಾಳೆ, ನಡುವೆ ಏನು ಮಾಡುತ್ತಾಳೆಂದು ಮುಂದೆ ಬರೆಯುತ್ತೇನೆ. ನನ್ನ ಕ್ಷೇಮದ ವಿಚಾರವನ್ನು ಪತ್ರ ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನಿಸು.

ತಡವಾದದ್ದಕ್ಕೆ ಕ್ಷಮೆ ಇರಲಿ. ನವೆಂಬರಿನಲ್ಲಿ ಬರೆಯಬೇಕಾಗಿದ್ದ ಪತ್ರವನ್ನು ಏಪ್ರಿಲಿನಲ್ಲಿ ಬರೆಯುತ್ತಿದ್ದೇನೆ. ಪುರಸೊತ್ತು ಸಿಗಲಿಲ್ಲ ಎಂದು ಹೇಳುವ ಹಾಗಿಲ್ಲ. ಈ ಐದು ತಿಂಗಳಲ್ಲಿ ನಿಪ್ಪಾಣಿಯ ನಮ್ಮ ವಾರಪತ್ರಿಕೆಗೆ ಒಂದು ವಾರವೂ ತಪ್ಪಿಸದೆ ಹಾಸ್ಯ ಅಂಕಣ ಬರೆದಿದ್ದೇನೆ. ಬಸ್ ನಿಲ್ದಾಣದ ತಿರುಗದ ಫ್ಯಾನಿನ ಮೇಲೆ ಬರೆದೆ. ಮದುವೆ ಊಟದಲ್ಲಿ ಪಕ್ಕದವನ ಎಲೆಯ ಜಿಲೇಬಿ ನೋಡುವವರ ಮೇಲೆ ಬರೆದೆ. ನನ್ನ ಹಲ್ಲಿನ ಸೆಟ್ಟಿನ ಮೇಲಂತೂ ಎರಡು ವಾರ ಬರೆದೆ. ನಿನಗೆ ಮಾತ್ರ ಒಂದು ಹಾಳೆ ಬರೆಯಲು ಕೈ ಬರಲಿಲ್ಲ.

ಇವತ್ತು ಬೆಳಿಗ್ಗೆ ಅಂಚೆ ಕಚೇರಿಗೆ ಹೋಗಿ ಲಕೋಟೆ ಕೇಳಿದೆ. ಒಳಗಿದ್ದವರು ಮೂರು ಡ್ರಾವರು ತೆಗೆದು, ಒಂದನ್ನು ಊದಿ, ಧೂಳು ಹಾರಿದ ಮೇಲೆ ಕೇಳಿದರು, ಕೋರ್ಟಿಗೇನ್ರಿ ಅಂತ. ಅಲ್ಲ, ಮಗಳಿಗೆ ಅಂದೆ. ಕೋರ್ಟಿಗೆ ಅಂದಿದ್ದರೆ ಸುಮ್ಮನಾಗುತ್ತಿದ್ದರು. ಮಗಳಿಗೆ ಅಂದದ್ದರಿಂದ ಒಂದು ಸಲ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಫೋನ್ ಇಲ್ಲವೇ ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. ಅದೇ ಪ್ರಶ್ನೆ ಈ ಪತ್ರದಲ್ಲಿಯೂ ಇದೆ.

ಮೊನ್ನೆ ರವಿವಾರ ಅಥಣಿಯಲ್ಲಿ ಒಂದು ಸಂಘದವರು ನನ್ನನ್ನು ನಗಿಸಲು ಕರೆಸಿದ್ದರು. ನಗಿಸಿ, ಹಾರ ಹಾಕಿಸಿಕೊಂಡು ಬಸ್ ನಿಲ್ದಾಣಕ್ಕೆ ಬಂದರೆ ನಿನ್ನ ಗಂಡ ವಿಕ್ರಾಂತ ಸಿಕ್ಕ. ಮುಖ ಬಾಡಿತ್ತು. ಚಹಾ ಕುಡಿಸಿ ಕೇಳಿದಾಗ ಹೇಳಿದ. ಹದಿನೈದು ದಿನಗಳ ಹಿಂದೆ ಅವನು ದ್ರಾಕ್ಷಿ ಸಾಗಿಸಲು ಹೋದಾಗ ಕೊಕಟನೂರಿನ ನಿಮ್ಮ ತೋಟದ ಮನೆಯಲ್ಲಿ ಕೂಸು ಶೀತಲ್‌ಗೆ ಚೇಳು ಕಡಿಯಿತಂತೆ. ನೀನು ಮೂರು ವರ್ಷದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಮಧ್ಯಾಹ್ನದ ಬಿಸಿಲಲ್ಲಿ, ಬರಿಗಾಲಲ್ಲಿ ದೊಡ್ಡ ರಸ್ತೆಯ ತನಕ ಓಡಿದೆಯಂತೆ. ಆಟೋ ಸಿಕ್ಕಿತು, ದವಾಖಾನೆ ಸಿಕ್ಕಿತು, ಮಗು ಉಳಿಯಿತು. ಇದನ್ನೆಲ್ಲ ಹೇಳುವಾಗ ಅವನು ತಾಳಿಕೊಂಡಿದ್ದ. ಆಮೇಲೆ ಗ್ಲಾಸು ಕೆಳಗಿಟ್ಟು ಅಂದ, “ಕಾಕಾ, ಫೋನ್ ಕಪಾಟಿನ ಮ್ಯಾಲ ಇತ್ತ್ರಿ. ಚಾರ್ಜೂ ಇತ್ತ. ಡಾಕ್ಟರ್ ನಂಬರೂ ಇತ್ತ. ಆಕಿ ಮುಟ್ಟಲಿಲ್ಲ.”

ನೀನು ಯಾಕೆ ಮುಟ್ಟಲಿಲ್ಲ ಎಂದು ನನಗೆ ಗೊತ್ತು. ನೀನು ಆ ಮಾತು ಕೊಟ್ಟಾಗ ನಾನು ನಿನ್ನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತಿದ್ದೆ.

ನಿನ್ನಪ್ಪ ತೀರಿದ ಮೂರನೇ ದಿನ ದೂಧಗಂಗೆಯ ದಂಡೆಯಲ್ಲಿ ಅವನಿಗೆ ಎಡೆ ಇಟ್ಟಿದ್ದೆವು. ಜೋಳದ ರೊಟ್ಟಿ, ಜುಣಕ, ಹಸಿ ಉಳ್ಳಾಗಡ್ಡಿ, ಗಾಜಿನ ಗ್ಲಾಸಿನಲ್ಲಿ ಚಹಾ, ಪಕ್ಕದಲ್ಲಿ ಒಂದು ಬೀಡಿ. ಕಾಗೆ ಮುಟ್ಟಿದರೆ ಸತ್ತವನ ಮನಸ್ಸು ನಿರಾಳ. ಮುಟ್ಟದಿದ್ದರೆ ಏನೋ ಒಂದು ಉಳಿದಿದೆ ಎಂದರ್ಥ. ಆಗ ಬದುಕಿದವರು ಒಬ್ಬೊಬ್ಬರೇ ಮುಂದೆ ಬಂದು, ಅದು ಏನಿರಬಹುದೆಂದು ಊಹಿಸಿ, ಮಾಡುತ್ತೇನೆ ಎಂದು ಮಾತು ಕೊಡಬೇಕು. ನಮ್ಮ ಜೈನರಲ್ಲಿ ಇದಿಲ್ಲ. ಹಾಗಾಗಿ ನಾನು ಸುಮ್ಮನೆ ನೋಡುತ್ತ ನಿಂತಿದ್ದೆ ಎಂದು ನೀವೆಲ್ಲ ತಿಳಿದಿರಿ.

ಕಾಗೆಗಳಿಗೇನೂ ಬರವಿರಲಿಲ್ಲ. ಬೇವಿನ ಮರದಲ್ಲಿ ಏಳು ಕಾಗೆಗಳು ತಾಲೂಕು ಪಂಚಾಯಿತಿ ಸಭೆಯ ಸದಸ್ಯರ ಹಾಗೆ ಕುಳಿತು, ಎಡೆಯನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದವು. ಮೊದಲು ನಿನ್ನ ದೊಡ್ಡಪ್ಪ ಸತ್ತೆಪ್ಪ ಮುಂದೆ ಹೋದ. “ತಮ್ಮಾ, ಹೊಲದ ಬಾಂದ ಒಂದ ಗೇಣ ನಾನ ಸರಿಸಿದ್ದೆ. ನಾಳಿಗೆ ಹಿಂದಕ್ಕ ಸರಸ್ತೇನಿ.” ಇಪ್ಪತ್ತು ವರ್ಷ ಆ ಮನುಷ್ಯ ಬಾಂದದ ಕಲ್ಲು ತಾನಾಗಿಯೇ ನಡೆದಿದೆ ಎಂದು ಆಣೆ ಮಾಡುತ್ತ ಬಂದಿದ್ದ. ಕಾಗೆ ಕದಲಲಿಲ್ಲ. ಸತ್ತೆಪ್ಪ ದನಿ ಇಳಿಸಿ, “ಎರಡ ಗೇಣ,” ಅಂದ. ಆಗಲೂ ಕದಲಲಿಲ್ಲ. ಮೂರನೇ ಗೇಣು ಬರುವ ಮೊದಲೇ ಅವನ ಹೆಂಡತಿ ಅವನನ್ನು ಹಿಂದಕ್ಕೆಳೆದಳು. ಆಮೇಲೆ ನಿನ್ನಪ್ಪ ಓಡಿಸುತ್ತಿದ್ದ ಲಾರಿಯ ಮಾಲೀಕ ಬಾಪುಸಾಹೇಬರು ಬಂದು, ಗಾಡಿಯನ್ನು ಗುಜರಿಗೆ ಹಾಕುವುದಿಲ್ಲ ಎಂದರು. ಒಂದು ಕಾಗೆ ಈ ಕೊಂಬೆಯಿಂದ ಆ ಕೊಂಬೆಗೆ ಹಾರಿತು, ಅಷ್ಟೇ. ನಿನ್ನವ್ವ ತುಳಸವ್ವ ಏನೂ ಮಾತು ಕೊಡಲಿಲ್ಲ. ಬಗ್ಗಿ, ಚಹಾ ಆರಿದೆಯೇನೋ ಎಂದು ಗ್ಲಾಸು ಮುಟ್ಟಿ ನೋಡಿದಳು.

ಕೊನೆಗೆ ನೀನು ಹೋದೆ. “ಅಪ್ಪಾ, ನನ್ನ ಫೋನಿನಿಂದನ ಆತು. ಇನ್ನ ಜಲ್ಮದಾಗ ಫೋನ್ ಮುಟ್ಟೂದಿಲ್ಲ,” ಅಂದೆ. ಬಾಯಿ ಮುಚ್ಚುವುದರೊಳಗೆ ಕಾಗೆ ಇಳಿದು ರೊಟ್ಟಿಗೆ ಕೊಕ್ಕು ಹಾಕಿತು.

ದಂಡೆಯ ಮೇಲಿದ್ದವರೆಲ್ಲ ಉಸಿರು ಬಿಟ್ಟರು. ಅವನ ಮನಸ್ಸಿನಲ್ಲಿ ಇದ್ದದ್ದು ಇದೇ ನೋಡಿ ಎಂದು ಯಾರೋ ಹೇಳಿದರು. ಎಲ್ಲರೂ ಹೌದೆಂದರು. ನಾನೂ ತಲೆ ಆಡಿಸಿದೆ. ಒಂದು ಕಾಗೆ ಕೊಟ್ಟ ತೀರ್ಪನ್ನು ನೀನು ಐದು ತಿಂಗಳಿಂದ ಹೊತ್ತು ತಿರುಗುತ್ತಿದ್ದೀ. ಆ ತೀರ್ಪು ತಪ್ಪು, ಭಾಗ್ಯಾ. ಹೇಗೆಂದು ಹೇಳುವುದಕ್ಕೆ ಮೊದಲು ನಿನ್ನಪ್ಪನ ಬಗ್ಗೆ ನಾಲ್ಕು ಮಾತು ಬರೆಯಬೇಕು. ನಿನಗೆ ಗೊತ್ತಿಲ್ಲವೆಂದಲ್ಲ. ನೀನೀಗ ಅವನನ್ನು ಆ ಒಂದು ಗಳಿಗೆಯಲ್ಲಿ ಮಾತ್ರ ನೋಡುತ್ತಿದ್ದೀ ಎಂದು.

ನಾನು ಮತ್ತು ಕಾಡಸಿದ್ದ ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಲೆಕ್ಕ ತಪ್ಪು ಮಾಡಿ, ಒಂದೇ ಬೆತ್ತದಿಂದ ಹೊಡೆಸಿಕೊಂಡವರು. ಆಮೇಲೆ ನಾನು ಬರೆಯಲು ಹೋದೆ, ಅವನು ಓಡಿಸಲು ಹೋದ. ಇಪ್ಪತ್ತಾರು ವರ್ಷ ಬಾಪುಸಾಹೇಬರ ಗಾಡಿ. ಸುಗ್ಗಿಯಲ್ಲಿ ಕಬ್ಬು, ಉಳಿದಂತೆ ಬೋರಗಾಂವದ ಮಗ್ಗದ ಬಟ್ಟೆ, ನಿಪ್ಪಾಣಿಯ ತಂಬಾಕು. ಗಡಿಯ ಈಚೆ ಪೋಲೀಸರ ಕೂಡ ಕನ್ನಡ, ಆಚೆ ಪೋಲೀಸರ ಕೂಡ ಮರಾಠಿ, ಗಾಡಿಯ ಕೂಡ ಮಾತ್ರ ಹಿಂದಿ. ಯಾಕೋ ಎಂದು ಕೇಳಿದರೆ, ಇದು ಉತ್ತರದ ಕಡೆ ಹುಟ್ಟಿದ್ದು, ಇದಕ್ಕೆ ನಮ್ಮ ಮಾತು ಹೇಗೆ ತಿಳಿಯಬೇಕು ಎನ್ನುತ್ತಿದ್ದ. ತವಂದಿ ಘಾಟ ಏರುವಾಗ ಸ್ಟೇರಿಂಗು ಸವರಿ, “ಚಲೋ ಬೇಟಾ,” ಅನ್ನುತ್ತಿದ್ದ. ಗಾಡಿ ಏರುತ್ತಿತ್ತು. ಎಂಜಿನ್ನಿಗೆ ವ್ಯಾಕರಣ ಬೇಕಾಗಿರಲಿಲ್ಲ.

ಊರ ಹೊರಗಿನ ರಸ್ತೆಯಲ್ಲಿ ಅವನ ಹಾರ್ನು ಬೀಳುತ್ತಿತ್ತಲ್ಲ, ಎರಡು ಉದ್ದ. ಅಷ್ಟು ಬಿದ್ದರೆ ನಿನ್ನವ್ವ ಒಲೆಯ ಮೇಲೆ ಹಂಚು ಇಡಬೇಕು. ಜೊತೆಗೆ ಊಟಕ್ಕೆ ಯಾರಾದರೂ ಬರುತ್ತಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಗಿಡ್ಡ. ಆ ಗಿಡ್ಡ ಹಾರ್ನು ಬಹಳ ಸಲ ನಾನೇ. ಒಮ್ಮೆ ಇನ್ನೊಬ್ಬ ಡ್ರೈವರು ಚೇಷ್ಟೆಗೆಂದು ಎರಡು ಉದ್ದ, ಐದು ಗಿಡ್ಡ ಹೊಡೆದು ಹೋದ. ನಿನ್ನವ್ವ ಹದಿನೆಂಟು ರೊಟ್ಟಿ ಬಡಿದಳು. ಕಾಡಸಿದ್ದ ಆ ಡ್ರೈವರನನ್ನು ಹುಡುಕಿ ತಂದು, ಅಂಗಳದಲ್ಲಿ ಕೂಡಿಸಿ, ಬೈಯಲಿಲ್ಲ, ಬಡಿಯಲಿಲ್ಲ, ಹದಿನೆಂಟನ್ನೂ ಬಡಿಸಿದ. ಹನ್ನೊಂದನೇ ರೊಟ್ಟಿಗೆ ಆ ಮನುಷ್ಯ ಕೈಮುಗಿದ.

ಈಗಲೂ ಹನ್ನೆರಡರ ಸುಮಾರಿಗೆ ನಿನ್ನವ್ವ ಹಂಚು ಇಡುತ್ತಾಳೆ. ಇಟ್ಟು, ಎಷ್ಟು ರೊಟ್ಟಿ ಎಂದು ತಿಳಿಯದೆ, ಹಿಟ್ಟಿನಲ್ಲಿ ಕೈ ಇಟ್ಟುಕೊಂಡು ಕುಳಿತಿರುತ್ತಾಳೆ. ನಡುವೆ ಏನು ಮಾಡುತ್ತಾಳೆಂದು ಬರೆಯುತ್ತೇನೆ ಅಂದೆನಲ್ಲ, ಇದೇ.

ನಿನ್ನ ಜಡೆಯ ಕಥೆ ನೆನಪಿದೆಯೇ. ನಿನ್ನವ್ವ ಒಂದು ತಿಂಗಳು ಟೈಫಾಯ್ಡಿನಲ್ಲಿ ಮಲಗಿದಾಗ ನಿನಗೆ ಜಡೆ ಹಾಕುವ ಕೆಲಸ ಅವನಿಗೆ ಬಂತು. ಅವನಿಗೆ ಬರುತ್ತಿದ್ದುದು ಒಂದೇ ಗಂಟು, ಗಾಡಿಯ ಸರಕಿಗೆ ಹೊದಿಸುವ ತಾಡಪತ್ರಿಗೆ ಹಗ್ಗ ಬಿಗಿಯುವ ಗಂಟು. ಒಳಗಿನಿಂದ ಎರಡು ಸಲ ಸುತ್ತಿ, ತುದಿಯನ್ನು ಹೊಟ್ಟೆಯೊಳಗೆ ಬಚ್ಚಿಡುವಂಥದ್ದು. ನಿನ್ನ ರಿಬ್ಬನ್ನಿಗೂ ಅದನ್ನೇ ಹಾಕಿದ. ಸಂಜೆ ಬಿಚ್ಚಲು ಹೋಗಿ ಓಣಿಯ ಹೆಂಗಸರೆಲ್ಲ ಸೋತರು. ಕೊನೆಗೆ ಅವನು ಬಂದು ಎರಡು ಬೆರಳಿನಿಂದ ಎಲ್ಲೋ ಒಂದು ಕಡೆ ಒತ್ತಿದ, ಹೂವಿನ ಹಾಗೆ ಬಿಚ್ಚಿಕೊಂಡಿತು. ಒತ್ತುವ ಜಾಗ ಯಾವುದೆಂದು ನಿನಗೊಬ್ಬಳಿಗೇ ಹೇಳಿಕೊಟ್ಟ. ನನಗೆ ಹೇಳಲಿಲ್ಲ. ನಾನು ಬರೆದುಬಿಡುತ್ತೇನೆ ಎಂದು.

ನಿನ್ನನ್ನು ಗಂಡನ ಮನೆಗೆ ಬಿಡಲು ಆ ಗಾಡಿಯನ್ನೇ ತೊಳೆದು, ಬಾಳೆಕಂಬ ಕಟ್ಟಿ ತಂದ. ಕೊಕಟನೂರು ಮುಟ್ಟುವುದರಲ್ಲಿ ನಿನ್ನ ಮಾವನ ಮನೆಯವರು ಮೂರು ಸಲ ಆರತಿ ಹೊತ್ತಿಸಿ ಆರಿಸಿದ್ದರು. ಗೇರ್‌ಬಾಕ್ಸ್ ಕೆಟ್ಟಿತ್ತು ಎಂದು ಹೇಳಿದ. ಕ್ಯಾಬಿನ್ನಿನಲ್ಲಿ ಪಕ್ಕದಲ್ಲಿ ಕುಳಿತವನು ನಾನು. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ. ಎತ್ತಿನ ಬಂಡಿಗಳು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಅವನು ಅವಕ್ಕೆಲ್ಲ ದಾರಿ ಕೊಡುತ್ತಿದ್ದ.

ಇನ್ನು ಚಪ್ಪಲಿಯ ಕಥೆ. ಇದು ನಿನಗೆ ಗೊತ್ತು, ಊರಿಗೇ ಗೊತ್ತು, ಊರಿಗೆ ಗೊತ್ತು ಮಾಡಿದವನೇ ನಾನು. ಕಳೆದ ಆಗಸ್ಟಿನಲ್ಲಿ ನಿಪ್ಪಾಣಿ ನಿಲ್ದಾಣದ ಹತ್ತಿರ ಅವನು ಗಾಡಿ ನಿಲ್ಲಿಸಿ, ರಸ್ತೆ ದಾಟಿ, ಭರಮುವಿನ ಚಹಾದಂಗಡಿಗೆ ಬಂದು ನನ್ನ ಪಕ್ಕ ಕುಳಿತ. ಚಹಾ ತಂದ ಭರಮು ಕೆಳಗೆ ನೋಡಿ, “ಕಾಡಸಿದ್ದಣ್ಣಾ, ಬಲಗಾಲಿಂದು ಎಲ್ಲಿ ಇಟ್ಟ ಬಂದಿ,” ಅಂದ. ನೋಡಿದರೆ ಬಲಗಾಲು ಬರಿದು. ಚಪ್ಪಲಿ ರಸ್ತೆಯ ನಟ್ಟನಡುವೆ ಬಿದ್ದಿತ್ತು, ಒಂದು ನಾಯಿ ಅದರ ಪಕ್ಕದಲ್ಲಿ ಕಾವಲಿಗೆ ಕುಳಿತಿತ್ತು. ಅಷ್ಟು ದೂರ ಒಂದೇ ಚಪ್ಪಲಿಯಲ್ಲಿ ನಡೆದು ಬಂದವನಿಗೆ ಗೊತ್ತೇ ಆಗಿರಲಿಲ್ಲ.

ಆ ವಾರದ ಅಂಕಣ ಅದೇ. ‘ಒಂಟಿ ಚಪ್ಪಲಿಯ ಸರದಾರ.’ ಅದರಲ್ಲಿ ಒಂದು ಸಾಲು ಎಲ್ಲರ ಬಾಯಿಗೆ ಬಿತ್ತು. ‘ಇಪ್ಪತ್ತಾರು ವರ್ಷ ಬ್ರೇಕು ಒತ್ತಿ ದಣಿದ ಸದರಿ ಬಲಗಾಲು, ಮಾಲೀಕರಿಗೆ ಮುನ್ಸೂಚನೆ ನೀಡದೆ ಸ್ವಯಂ ನಿವೃತ್ತಿ ತೆಗೆದುಕೊಂಡಿರುವುದಾಗಿ ತಿಳಿದುಬಂದಿದೆ.’ ಡ್ರೈವರುಗಳು ಅವನನ್ನು ಕಂಡಲ್ಲೆಲ್ಲ ಪಿಂಚಣಿ ಬಂತೇನೋ ಎಂದು ಕಾಲನ್ನು ಕೇಳುತ್ತಿದ್ದರು. ಎರಡು ವಾರ ಬಿಟ್ಟು ನಾವೆಲ್ಲ ಸೇರಿ ಭರಮುವಿನ ಅಂಗಡಿಯ ಮುಂದೆ ಅವನಿಗೆ ಸತ್ಕಾರ ಇಟ್ಟೆವು. ಬಾಡಿಗೆಯ ಮೈಕು, ಫೇಟಾ, ಶಾಲು, ತೆಂಗಿನಕಾಯಿ. ಅಥಣಿಯಿಂದ ನಾನೇ ಹೇಳಿ ಮಾಡಿಸಿದ ಹೊಸ ಚಪ್ಪಲಿ ಜೋಡಿಯನ್ನು ತಟ್ಟೆಯಲ್ಲಿಟ್ಟು ಕೊಟ್ಟೆ. ಅಳತೆ ಕೇಳದೆ ಮಾಡಿಸಿದ್ದರಿಂದ ಒಂದು ನಂಬರು ದೊಡ್ಡದಾಗಿತ್ತು. “ಸಡ್ಲ ಅದಾವಲೇ ಭಾವು,” ಅಂದ. ಕೀರ್ತಿ ಬೆಳೆದ ಹಾಗೆ ಕಾಲೂ ಬೆಳೆಯುತ್ತದೆ ಅಂದೆ. ಎಲ್ಲರೂ ನಕ್ಕರು. ಫೋಟೋ ನಿನಗೂ ಬಂದಿತ್ತು, ನೀನು ನಗುವ ಮುಖಗಳನ್ನು ಸಾಲಾಗಿ ಕಳಿಸಿದ್ದೆ. ಅದಕ್ಕಾಗಿ ನೀನು ಸಂಕಟಪಡಬೇಡ. ನಗಿಸಿದವನು ನಾನು.

ಈಗ ನವೆಂಬರ್ ಹದಿನಾಲ್ಕು. ಗಾಡಿ ತುಂಬ ಕಬ್ಬು. ಚಿಕ್ಕೋಡಿಯಿಂದ ನಿಪ್ಪಾಣಿ ಕಡೆ ಬರುವ ದಾರಿಯ ಒಂದು ಇಳುಕಲು. ಕೆಳಗೆ ಬಸ್ಸಿಗೆ ಕಾಯುತ್ತ ಹತ್ತು ಹನ್ನೆರಡು ಜನ. ಮೇಲಿನಿಂದಲೇ ಹಾರ್ನು ಶುರುವಾಯಿತಂತೆ. ಕೈ ಎತ್ತದೆ ಹೊಡೆದ ಹಾರ್ನು, ಅದರಲ್ಲಿ ಉದ್ದ ಗಿಡ್ಡ ಇರಲಿಲ್ಲ. ಜನ ಚದುರಿದರು. ಗಾಡಿ ರಸ್ತೆ ಬಿಟ್ಟು, ಕಲ್ಲಿನ ಒಡ್ಡು ದಾಟಿ, ಆಲದ ಮರಕ್ಕೆ ಹೋಗಿ ನಿಂತಿತು. ನಿನ್ನಪ್ಪನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಏನೂ ಆಗಲಿಲ್ಲ. ನಾನು ಮತ್ತು ಬಾಪುಸಾಹೇಬರು ಹೋಗುವಷ್ಟರಲ್ಲಿ ಅವನನ್ನು ಒಯ್ದಿದ್ದರು. ನೋಡಲು ಬಂದವರು ಹೋಗುವಾಗ ಒಂದೊಂದು ಗಳ ಕಬ್ಬು ಹಿಡಿದುಕೊಂಡು ಹೋಗುತ್ತಿದ್ದರು. ಅದರಲ್ಲಿ ನಾನು ಬಲ್ಲ ಇಬ್ಬರು ನನಗೆ ನಮಸ್ಕಾರವನ್ನೂ ಮಾಡಿದರು.

ಬ್ರೇಕು ಸರಿ ಇತ್ತು ಎಂದು ಆಮೇಲೆ ಪರೀಕ್ಷಿಸಿದವರು ಹೇಳಿದರು. ಬ್ರೇಕು ಸರಿ ಇದ್ದರೆ ಡ್ರೈವರನ ತಪ್ಪು, ಡ್ರೈವರನ ತಪ್ಪೆಂದರೆ ಫೋನು. ಊರಿನ ತರ್ಕ ಇಷ್ಟೇ. ಅವನ ಫೋನು ನೋಡಿದರೆ ಅದರಲ್ಲಿ ಎತ್ತದ ಒಂದು ಕರೆ, ‘ಭಾಗ್ಯಾ, ಹನ್ನೊಂದು ಇಪ್ಪತ್ತು.’ ಶೀತಲ್ ಅವತ್ತು ಮೊದಲ ದಿನ ಅಂಗನವಾಡಿಗೆ ಹೋದಳು ಎಂದು ಹೇಳಲು ನೀನು ಮಾಡಿದ ಫೋನು. ಸಮಯಕ್ಕೆ ಸಮಯ ತಾಳೆಯಾಯಿತು. ಪ್ರಕರಣ ಮುಗಿಯಿತು.

ಭಾಗ್ಯಾ, ಆ ಫೋನು ಎಲ್ಲಿ ಸಿಕ್ಕಿತು ಎಂದು ನಿನಗೆ ಯಾರೂ ಹೇಳಿಲ್ಲ. ಕೇಳು. ಗಾಲಿ ತಿರುಗುತ್ತಿರುವಾಗ ಅವನು ಫೋನನ್ನು ಊಟದ ಬುತ್ತಿಯೊಳಗೆ, ರೊಟ್ಟಿಗಳ ನಡುವೆ ಇಟ್ಟು ಗಂಟು ಹಾಕುತ್ತಿದ್ದ. ನನ್ನ ಫೋನು ಬಂತೆಂದು ಬುತ್ತಿ ಬಿಚ್ಚಿ ತೆಗೆಯಲು ಹೋಗೇ ಹೋಗಿರುತ್ತಾನೆ ಎಂದು ನೀನು ಅತ್ತದ್ದು ಕೇಳಿದ್ದೇನೆ. ಬುತ್ತಿ ಸೀಟಿನ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಗಂಟು ಹಾಕಿದ್ದು ಹಾಕಿದಂತೆಯೇ ಇತ್ತು. ಅವನದೇ ಗಂಟು. ಪೋಲೀಸರಲ್ಲಿ ಒಬ್ಬ ಹಲ್ಲಿನಿಂದ ಕಚ್ಚಿ ನೋಡಿದ, ಬಿಚ್ಚಲಿಲ್ಲ. ಕೊನೆಗೆ ಬಟ್ಟೆಯ ಬದಿಯನ್ನು ಬ್ಲೇಡಿನಿಂದ ಕೊಯ್ದು ಫೋನು ತೆಗೆದರು. ಅದನ್ನು ನಾನು ಕಣ್ಣಾರೆ ಕಂಡೆ. ಬಟ್ಟೆ ಎಸೆದರು, ನಾನು ಎತ್ತಿಕೊಂಡೆ.

ಆ ಗಂಟನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಒತ್ತುವ ಜಾಗ ನಿನಗೆ ಗೊತ್ತು. ಅವನು ಹಾಕಿದ ಮೇಲೆ ಇದನ್ನು ಯಾರೂ ಬಿಚ್ಚಿಲ್ಲ. ಒತ್ತಿ ನೋಡು, ನೋಡಿದ ಮೇಲೆ ಫೋನನ್ನು ಕಪಾಟಿನಿಂದ ಕೆಳಗಿಳಿಸು.

ಶೀತಲ್‌ಗೆ ಮುತ್ತು. ವಿಕ್ರಾಂತನಿಗೆ ಆಶೀರ್ವಾದ, ಮಾವನವರಿಗೆ ನಮಸ್ಕಾರ ತಿಳಿಸು. ನಿನ್ನ ಕೈಬಳೆ ತುಂಬಿರಲಿ, ನಿನ್ನ ಮನೆಯ ಒಲೆಗೆ ಎರಡು ಉದ್ದ ಹಾರ್ನು ದಿನವೂ ಕೇಳುತ್ತಿರಲಿ, ನಡುನಡುವೆ ಗಿಡ್ಡವೂ ಇರಲಿ.

ನಿನ್ನ
ಭಾವುಸಾಹೇಬ ಕಾಕಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಅಂಚೆ ಕಚೇರಿಯ ತನಕ ಹೋಗಿ, ಅಲ್ಲಿಯ ಕಟ್ಟೆಯ ಮೇಲೆ ಕುಳಿತು ಮತ್ತೆ ಹರಿದಿದ್ದೇನೆ. ಗಂಟಿನ ಸಂಗತಿ ಮೊದಲ ದಿನವೇ ಗೊತ್ತಿದ್ದ ಮನುಷ್ಯ ಐದು ತಿಂಗಳು ಯಾಕೆ ಬಾಯಿ ಮುಚ್ಚಿಕೊಂಡಿದ್ದ ಎಂದು ನೀನು ಕೇಳುತ್ತೀ. ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಫೋನಲ್ಲದಿದ್ದರೆ ಬ್ರೇಕು ಯಾಕೆ ಬೀಳಲಿಲ್ಲ ಎಂದು. ಅದರ ಉತ್ತರ ನನ್ನ ಕೈಚೀಲದಲ್ಲಿತ್ತು.

ಬುತ್ತಿ ತೆಗೆದ ಮೇಲೆ ಅದೇ ಪೋಲೀಸು ಕ್ಯಾಬಿನ್ನಿನೊಳಗೆ ಬಗ್ಗಿ ಒಂದು ಚಪ್ಪಲಿ ಎಳೆದು ತೆಗೆದ. “ಇದೂ ಅವರದ ಏನ್ರಿ? ಬ್ರೇಕಿನ ಕೆಳಗ ಸಿಕ್ಕೊಂಡಿತ್ತ.” ಬಲಗಾಲಿನದು. ನಾನು ಮಾಡಿಸಿದ್ದು, ಒಂದು ನಂಬರು ದೊಡ್ಡದು. ಬಾಪುಸಾಹೇಬರು ಆಚೆ ಫೋನಿನಲ್ಲಿದ್ದರು. ಹೌದೆಂದು ತೆಗೆದುಕೊಂಡು ಚೀಲದೊಳಗೆ ಇಟ್ಟುಕೊಂಡೆ. ಮನೆಗೆ ಬಂದ ಸಾಮಾನಿನಲ್ಲಿ ಎಡಗಾಲಿನದೊಂದೇ ಇತ್ತು. ನಿನ್ನವ್ವ ಅದನ್ನು ಕೈಯಲ್ಲಿ ಹಿಡಿದು, “ಮತ್ತ ಒಂದ ಬಿಟ್ಟ ಬಂದಾನ ನೋಡ್ರಿ,” ಎಂದು ಸುತ್ತ ಇದ್ದವರಿಗೆ ತೋರಿಸಿದಳು. ಸಾವಿನ ಮನೆಯಲ್ಲಿ ಇಬ್ಬರು ಮೂವರು ನಕ್ಕೂಬಿಟ್ಟರು. ನನ್ನ ಅಂಕಣ ಓದಿದವರು. ನಾನು ಚೀಲ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.

ಇಷ್ಟೇ ಆಗಿದ್ದರೆ ಅಳತೆ ಕೇಳದ ತಪ್ಪು ಎಂದು ಹೇಳಿಕೊಂಡು ಬದುಕಬಹುದಿತ್ತು. ಇಷ್ಟೇ ಅಲ್ಲ. ನಾಯಿ ಕಾವಲು ಕುಳಿತ ಆ ದಿನ, ಚಹಾ ಮುಗಿದ ಮೇಲೆ, ಅವನು ನನ್ನನ್ನು ಕ್ಯಾಬಿನ್ನಿಗೆ ಕರೆದೊಯ್ದ. ಚೀಲ ಹೊಲಿಯುವ ದಬ್ಬಣ ತೆಗೆದು ಬಲಗಾಲಿನ ಹೆಬ್ಬೆರಳಿಗೆ ಚುಚ್ಚಿಕೊಂಡ. ರಕ್ತ ಬಂತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. “ನೋಡ ಭಾವು, ಗೊತ್ತ ಆಗೂದಿಲ್ಲ. ಕಾಲ ನಂದ ಅಲ್ಲ ಅನಸ್ತೈತಿ. ಸಕ್ರಿ ಬ್ಯಾನಿ ಇರಬೇಕ. ಡಾಕ್ಟರ ಕಡೆ ನೀ ಬಾ, ಅವರ ಮಾತ ನನಗ ತಿಳಿಯೂದಿಲ್ಲ. ಮನ್ಯಾಗ ಹೇಳಬ್ಯಾಡ, ತುಳಸಿ ಗಾಡಿ ಬಿಡಸ್ತಾಳ.” ಶನಿವಾರ ಹೋಗೋಣ ಅಂದೆ. ಶುಕ್ರವಾರ ಅಂಕಣ ಕೊಡಬೇಕಾಗಿತ್ತು. ಮನೆಗೆ ಬಂದು ಅವನು ಹೇಳಿದ್ದನ್ನೇ ಬರೆದೆ. ಸ್ವಯಂ ನಿವೃತ್ತಿಯ ಆ ಸಾಲು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ಅವನ 'ಕಾಲ ನಂದ ಅಲ್ಲ' ಎಂಬ ಮಾತಿಗೆ ಫೇಟಾ ಕಟ್ಟಿದ್ದು. ಆ ಶನಿವಾರ ನಾನು ಪತ್ರಿಕೆ ಕಚೇರಿಯಲ್ಲಿ ಹೊಗಳಿಸಿಕೊಳ್ಳುತ್ತ ಕುಳಿತಿದ್ದೆ.

ಸತ್ಕಾರದ ದಿನ ಶಾಲು ಹೊದಿಸುವಾಗ ಅವನು ನನ್ನ ಕಿವಿಯಲ್ಲಿ ಕೇಳಿದ, “ಭಾವು, ಶನಿವಾರ ಯಾವಾಗ ಬರ್ತೈತಿ?” ನನ್ನ ಕೈಯಲ್ಲಿ ಮೈಕಿತ್ತು. ಸರದಾರರು ಶನಿವಾರ ಯಾವಾಗ ಎಂದು ಕೇಳುತ್ತಿದ್ದಾರೆ, ಯಾರಾದರೂ ತಿಳಿದವರು ಹೇಳಿರಪ್ಪಾ ಅಂದೆ. ಅಂಗಡಿಗೆ ಅಂಗಡಿಯೇ ನಕ್ಕಿತು. ಅವನೂ ನಕ್ಕ. ಆಮೇಲೆ ಅವನು ಎಂದೂ ಕೇಳಲಿಲ್ಲ. ತನ್ನ ಕಾಲಿನ ಮಾತು ಎತ್ತಿದರೆ ಇನ್ನು ಯಾರೂ ನಗದೆ ಕೇಳುವುದಿಲ್ಲ ಎಂದು ಅವನಿಗೆ ತಿಳಿದುಹೋಗಿತ್ತು.

ಹೊಳೆಯ ದಂಡೆಯಲ್ಲಿ ಎಡೆ ಇಟ್ಟ ಆ ದಿನ ಶನಿವಾರ. ನೀನು ಮುಂದೆ ಹೋಗಿ ಮಾತು ಕೊಡುವಾಗಲೇ ನಾನು ಹಿಂದೆ ನಿಂತು ಮನಸ್ಸಿನಲ್ಲಿ ಅಂದಿದ್ದೆ, ಕಾಡಸಿದ್ದಾ, ಭಾಗ್ಯಾಗ ಎಲ್ಲಾ ಹೇಳ್ತೇನಿ ಅಂತ. ಕಾಗೆ ಆಗ ಇಳಿಯಿತು. ಅದು ಯಾರ ಮಾತಿಗೆ ಇಳಿಯಿತು ಎಂದು ನನಗೆ ಅವತ್ತೇ ಗೊತ್ತಿತ್ತು. ನೀನು ನಿನ್ನ ಮಾತು ಪಾಲಿಸಿದೆ, ನಾನು ಪಾಲಿಸಲಿಲ್ಲ. ಶೀತಲ್‌ಗೆ ಏನಾದರೂ ಆಗಿದ್ದರೆ ಅದೂ ನನ್ನ ಕೈಚೀಲಕ್ಕೇ ಬರುತ್ತಿತ್ತು.

ಚಪ್ಪಲಿ ನಾನು ಬರೆಯುವ ಮೇಜಿನ ಕೆಳಗಿನ ಖಾನೆಯಲ್ಲಿದೆ. ಎಡಗಾಲಿನದನ್ನು ನಿನ್ನವ್ವ ಬಾಗಿಲ ಪಕ್ಕ ಇಟ್ಟುಕೊಂಡು, ಇನ್ನೊಂದು ಎಲ್ಲಿ ಬಿಟ್ಟನೋ ಎಂದು ಮನೆಗೆ ಬಂದವರನ್ನೆಲ್ಲ ಕೇಳುತ್ತಾಳೆ. ನನ್ನನ್ನೂ ಕೇಳಿದ್ದಾಳೆ, ಎರಡು ಸಲ. ಅದನ್ನು ಅವಳ ಕೈಗೆ ಕೊಡಬೇಕೋ, ನೀನು ಬರುವ ತನಕ ಕಾಯಬೇಕೋ, ನೀನು ಹೇಳು. ನನ್ನ ಫೋನ್ ನಂಬರು ಬದಲಾಗಿಲ್ಲ. ನಿನ್ನ ಬಾಯಿಗೆ ಬಂದದ್ದೆಲ್ಲ ಅನ್ನು. ನಾನು ಎತ್ತಿ ಕೇಳುತ್ತ ಕುಳಿತಿರುತ್ತೇನೆ. ಈ ಸಲ ನಗಿಸುವುದಿಲ್ಲ.